ವ್ಯಕ್ತಿತ್ವದ ಬಗೆಗಳು, ಆಲೋಚನೆ ಮತ್ತು ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ಮನುಷ್ಯರನ್ನು ನಿಜವಾಗಿಯೂ ಬಗೆಗಳಾಗಿ ವಿಂಗಡಿಸಲು ಸಾಧ್ಯವೇ?

ವಿಂಗಡಿಸುವ ಆಸೆ ಬಹಳ ಹಳೆಯದು. ಕ್ರಿಸ್ತಶಕ ಎರಡನೆಯ ಶತಮಾನದ ವೈದ್ಯ ಗೇಲನ್, ಹಿಪೊಕ್ರೇಟಿಸನ ಪರಂಪರೆಯನ್ನು ಅನುಸರಿಸಿ, ದೇಹದಲ್ಲಿರುವ ನಾಲ್ಕು ದ್ರವಗಳ ಏರುಪೇರಿಗೂ ಮನುಷ್ಯರ ಸ್ವಭಾವಕ್ಕೂ ನಂಟು ಕಲ್ಪಿಸಿದ್ದ. ದ್ರವಗಳ ಸಿದ್ಧಾಂತವನ್ನು ವೈದ್ಯಶಾಸ್ತ್ರ ಕೈಬಿಟ್ಟು ಕಾಲವಾಯಿತು. ಜನರನ್ನು ನಾಲ್ಕೋ ಎಂಟೋ ಹದಿನಾರೋ ಗುಂಪುಗಳಲ್ಲಿ ಕೂರಿಸುವ ಅಭ್ಯಾಸ ಮಾತ್ರ ಹಾಗೆಯೇ ಉಳಿದುಕೊಂಡಿತು.

ಒಬ್ಬರಿಗೂ ಇನ್ನೊಬ್ಬರಿಗೂ ಸ್ವಭಾವದಲ್ಲಿ ವ್ಯತ್ಯಾಸವಿರುವುದು ನಿಜ, ಆ ವ್ಯತ್ಯಾಸ ವರ್ಷಗಟ್ಟಲೆ ಉಳಿಯುವುದೂ ನಿಜ. ಆದರೆ ಅದು ಮನುಷ್ಯರ ಎತ್ತರದಲ್ಲಿ ಕಾಣುವ ವ್ಯತ್ಯಾಸದಂಥದ್ದು. ತೀರಾ ಕುಳ್ಳಗಿರುವವರೂ ತೀರಾ ಎತ್ತರವಿರುವವರೂ ಕೆಲವರೇ, ಹೆಚ್ಚಿನವರು ನಡುವೆ ಎಲ್ಲೋ ಇರುತ್ತಾರೆ, ಮತ್ತು ಇಲ್ಲಿಂದಾಚೆಗೆ ಎಲ್ಲರೂ ಎತ್ತರದವರು ಎಂದು ಗೆರೆ ಎಳೆಯಬಲ್ಲ ಜಾಗ ಯಾವುದೂ ಇರುವುದಿಲ್ಲ. ಮುಂದಿನ ಉತ್ತರಗಳಲ್ಲಿ ಅಂತರ್ಮುಖಿ (ಒಬ್ಬರೇ ಇರಲು ಬಯಸುವವರು), ಬಹಿರ್ಮುಖಿ (ಜನರ ನಡುವೆ ಇರಲು ಬಯಸುವವರು) ಎಂಬಂಥ ಹೆಸರುಗಳನ್ನು ಬಳಸಿರುವುದು ಅನುಕೂಲಕ್ಕಾಗಿ. ಅವು ಬಂದಲ್ಲೆಲ್ಲ ‘ಆ ಕಡೆಗೆ ಹೆಚ್ಚು ವಾಲಿದವರು’ ಎಂದು ಓದಿಕೊಳ್ಳಬೇಕು.

ಹದಿನಾರು ಬಗೆಗಳ ಪರೀಕ್ಷೆ ಎಲ್ಲಿಂದ ಬಂತು?

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಅಂತರ್ಮುಖತೆ ಮತ್ತು ಬಹಿರ್ಮುಖತೆಯನ್ನು ಮನಸ್ಸಿನ ಎರಡು ನಿಲುವುಗಳೆಂದೂ, ವಿಚಾರ, ಭಾವ, ಇಂದ್ರಿಯಾನುಭವ ಮತ್ತು ಅಂತರ್ದೃಷ್ಟಿಗಳನ್ನು ಅದರ ನಾಲ್ಕು ಕಾರ್ಯಗಳೆಂದೂ ವರ್ಣಿಸಿದರು. ಅಮೆರಿಕದ ಕ್ಯಾಥರಿನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಈ ವಿಚಾರಗಳನ್ನು ಪ್ರಶ್ನಾವಳಿಯ ರೂಪಕ್ಕೆ ತಂದರು. ಇಬ್ಬರೂ ಮನೋವಿಜ್ಞಾನದಲ್ಲಿ ಔಪಚಾರಿಕ ಶಿಕ್ಷಣ ಪಡೆದವರಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹೊಸದಾಗಿ ದುಡಿಮೆಗೆ ಬರುತ್ತಿದ್ದವರಿಗೆ ತಮಗೊಪ್ಪುವ ಕೆಲಸವನ್ನು ಹುಡುಕಿಕೊಳ್ಳಲು ನೆರವಾಗಬೇಕೆಂಬ ಉದ್ದೇಶ ಇದರ ಹಿಂದಿತ್ತು. 1962ರಲ್ಲಿ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆ ಇದನ್ನು ಪ್ರಕಟಿಸಿತು. ಅಂತರ್ಮುಖತೆ-ಬಹಿರ್ಮುಖತೆ, ಇಂದ್ರಿಯಾನುಭವ-ಅಂತರ್ದೃಷ್ಟಿ, ವಿಚಾರ-ಭಾವ, ಬೇಗ ತೀರ್ಮಾನಿಸುವುದು-ತೆರೆದಿಡುವುದು ಎಂಬ ನಾಲ್ಕು ಜೋಡಿಗಳಲ್ಲಿ ಒಂದೊಂದನ್ನು ಆರಿಸುವುದರಿಂದ ಒಟ್ಟು ಹದಿನಾರು ಬಗೆಗಳಾಗುತ್ತವೆ. ಎಂಬಿಟಿಐ (ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್) ಎಂಬ ಹೆಸರಿನಿಂದ ಇಂದು ಪ್ರಸಿದ್ಧವಾಗಿರುವುದು ಇದೇ.

ಈ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದಾಗ ನನಗೆ ಬೇರೆಯೇ ಬಗೆ ಬಂತು. ಹೀಗೇಕೆ?

ಇದು ಅಪರೂಪದ ಸಂಗತಿಯಲ್ಲ. ಐದು ವಾರಗಳಷ್ಟು ಕಡಿಮೆ ಅಂತರದಲ್ಲಿ ಎರಡನೆಯ ಬಾರಿ ಉತ್ತರಿಸಿದಾಗ ಸುಮಾರು ಅರ್ಧದಷ್ಟು ಜನರ ಬಗೆ ಬದಲಾಗಬಹುದೆಂದು 1993ರಲ್ಲಿ ಈ ಪರೀಕ್ಷೆಯನ್ನು ವಿಮರ್ಶಿಸಿದ ಡೇವಿಡ್ ಪಿಟೆಂಜರ್ ಬರೆದಿದ್ದರು. ಕಾರಣ ಸರಳವಾಗಿದೆ. ಹೆಚ್ಚಿನವರು ಪ್ರತಿಯೊಂದು ಅಳತೆಯಲ್ಲಿಯೂ ನಡುವಿನ ಗೆರೆಯ ಆಸುಪಾಸಿನಲ್ಲಿರುತ್ತಾರೆ. ಒಂದೆರಡು ಪ್ರಶ್ನೆಗಳಿಗೆ ಅಂದಿನ ಮನಃಸ್ಥಿತಿಗೆ ತಕ್ಕಂತೆ ಬೇರೆ ಉತ್ತರ ಕೊಟ್ಟರೂ ಸಾಕು, ಗೆರೆಯ ಈಚೆಯಿಂದ ಆಚೆಗೆ ಹೋಗಿಬಿಡುತ್ತಾರೆ. ವ್ಯಕ್ತಿ ಬದಲಾದದ್ದು ಕೂದಲೆಳೆಯಷ್ಟು, ಹೆಸರು ಬದಲಾದದ್ದು ಪೂರ್ತಿಯಾಗಿ. ಅಂಕಗಳನ್ನು ಅಂಕಗಳಾಗಿಯೇ ಉಳಿಸಿಕೊಂಡಿದ್ದರೆ ಈ ಗೊಂದಲ ಬಹುಮಟ್ಟಿಗೆ ಇರುತ್ತಿರಲಿಲ್ಲ.

ಆದರೂ ಫಲಿತಾಂಶವನ್ನು ಓದಿದಾಗ ನನ್ನನ್ನೇ ನೋಡಿ ಬರೆದಂತಿತ್ತಲ್ಲ?

ಅಂಥ ಅನಿಸಿಕೆಯನ್ನು ನಂಬುವ ಮೊದಲು ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲಿ ಮಾಡಿದ ಪ್ರಯೋಗವನ್ನು ನೆನೆಯುವುದು ಒಳ್ಳೆಯದು. ಅವರು ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆಯೊಂದನ್ನು ಕೊಟ್ಟು, ಕೆಲವು ದಿನಗಳ ನಂತರ ಪ್ರತಿಯೊಬ್ಬರಿಗೂ ‘ನಿಮ್ಮ ವ್ಯಕ್ತಿತ್ವದ ವಿವರಣೆ’ ಎಂದು ಒಂದು ಹಾಳೆಯನ್ನು ಹಂಚಿದರು. ವಿವರಣೆ ಎಷ್ಟು ಸರಿಯಾಗಿದೆ ಎಂಬುದಕ್ಕೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಲು ಕೇಳಿದಾಗ ಬಂದ ಸರಾಸರಿ 4.26. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಮತ್ತು ಅದರ ವಾಕ್ಯಗಳನ್ನು ಅವರು ಜ್ಯೋತಿಷದ ಅಗ್ಗದ ಪುಸ್ತಕವೊಂದರಿಂದ ಆಯ್ದಿದ್ದರು. ‘ನೀವು ಹೊರಗೆ ಶಿಸ್ತಿನವರಂತೆ ಕಂಡರೂ ಒಳಗೆ ಕೆಲವೊಮ್ಮೆ ಅಳುಕು ಇರುತ್ತದೆ’ ಎಂಬಂಥ ಮಾತು ಯಾರಿಗೆ ತಾನೆ ಒಪ್ಪುವುದಿಲ್ಲ? ಫಲಿತಾಂಶ ನಿಜವಾಗಿಯೂ ನಿಮ್ಮದೇ ಎಂದು ಪರೀಕ್ಷಿಸಬೇಕಾದರೆ, ನಿಮಗೆ ಬಂದ ವಿವರಣೆಯ ಜೊತೆಗೆ ಬಾರದಿರುವ ಇನ್ನೆರಡು ವಿವರಣೆಗಳನ್ನು ಹೆಸರು ಮುಚ್ಚಿ ನಿಮ್ಮ ಸ್ನೇಹಿತರ ಮುಂದಿಟ್ಟು, ಯಾವುದು ನಿಮ್ಮದೆಂದು ಆರಿಸಲು ಹೇಳಿ ನೋಡಬಹುದು.

ಮನೋವಿಜ್ಞಾನಿಗಳು ಹಾಗಾದರೆ ಯಾವುದನ್ನು ಬಳಸುತ್ತಾರೆ?

ಸಂಶೋಧನೆಯಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಬಿಗ್ ಫೈವ್ ಎನ್ನಲಾಗುವ ಐದು ಗುಣಲಕ್ಷಣಗಳ ಮಾದರಿ: ಹೊಸ ಅನುಭವ ಮತ್ತು ವಿಚಾರಗಳಿಗೆ ತೆರೆದುಕೊಳ್ಳುವ ಗುಣ, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಮತ್ತು ಆತಂಕ ಹಾಗೂ ಬೇಸರಗಳಿಗೆ ಸುಲಭವಾಗಿ ಒಳಗಾಗುವ ಪ್ರವೃತ್ತಿ. ಇದರ ಹುಟ್ಟು ಯಾವುದೇ ಒಬ್ಬ ಚಿಂತಕರ ಸಿದ್ಧಾಂತದಲ್ಲಿಲ್ಲ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಮನುಷ್ಯರನ್ನು ವರ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿ ತೆಗೆದಿದ್ದರು. ಜನ ತಮ್ಮನ್ನೂ ಪರಿಚಿತರನ್ನೂ ಇಂಥ ಪದಗಳಿಂದ ಅಳೆದಾಗ ಯಾವ ಪದಗಳು ಒಟ್ಟೊಟ್ಟಿಗೆ ಏರಿಳಿಯುತ್ತವೆ ಎಂಬುದನ್ನು ಮುಂದಿನ ದಶಕಗಳಲ್ಲಿ ಬೇರೆ ಬೇರೆ ಸಂಶೋಧಕರು ಲೆಕ್ಕ ಹಾಕುತ್ತ ಹೋದಂತೆ ಐದು ಗೊಂಚಲುಗಳು ಮತ್ತೆ ಮತ್ತೆ ಕಾಣಿಸಿಕೊಂಡವು. 1980ರ ದಶಕದಿಂದ ಲೂಯಿಸ್ ಗೋಲ್ಡ್‌ಬರ್ಗ್, ಪಾಲ್ ಕೋಸ್ಟಾ ಮತ್ತು ರಾಬರ್ಟ್ ಮೆಕ್ರೇ ಅವರ ಕೆಲಸದಿಂದ ಈ ಮಾದರಿ ನೆಲೆಯೂರಿತು.

ಇಲ್ಲಿ ಯಾರಿಗೂ ಬಗೆಯ ಹೆಸರು ಸಿಗುವುದಿಲ್ಲ; ಐದು ಅಳತೆಗಳಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಸ್ಥಾನ ಸಿಗುತ್ತದೆ. ಹೇಳಿಕೊಂಡು ಓಡಾಡಲು ಅಷ್ಟು ಸೊಗಸಾಗಿಲ್ಲವೆಂಬುದೇ ಇದು ಜನಪ್ರಿಯವಾಗದಿರುವುದಕ್ಕೆ ಒಂದು ಕಾರಣವಿರಬೇಕು. ಎಂಬಿಟಿಐಯ ನಾಲ್ಕು ಅಳತೆಗಳು ಈ ಐದರಲ್ಲಿ ನಾಲ್ಕಕ್ಕೆ ತಕ್ಕಮಟ್ಟಿಗೆ ಹೊಂದುತ್ತವೆಂದು ಕೋಸ್ಟಾ ಮತ್ತು ಮೆಕ್ರೇ 1989ರಲ್ಲಿ ತೋರಿಸಿದರು. ಆದ್ದರಿಂದ ಆ ಪರೀಕ್ಷೆ ಏನನ್ನೂ ಅಳೆಯುವುದಿಲ್ಲವೆಂದು ತಳ್ಳಿಹಾಕುವುದು ಸರಿಯಲ್ಲ. ಅದರಲ್ಲಿ ಪೂರ್ತಿಯಾಗಿ ಬಿಟ್ಟುಹೋಗಿರುವುದು ಐದನೆಯದು, ಅಂದರೆ ಆತಂಕದ ಪ್ರವೃತ್ತಿ; ಮಾತುಕತೆಗಳು ಕೆಡುವ ಸಂದರ್ಭಗಳಲ್ಲಿ ಅದೇ ಬಹಳ ಮುಖ್ಯವಾದದ್ದು.

ಅಂತರ್ಮುಖಿಗಳೆಂದರೆ ನಾಚಿಕೆ ಸ್ವಭಾವದವರೇ?

ಅಲ್ಲ. ನಾಚಿಕೆಯಲ್ಲಿ ಅಂಜಿಕೆ ಇರುತ್ತದೆ: ಮಾತನಾಡಬೇಕೆಂಬ ಆಸೆಯಿದ್ದರೂ ಜನ ಏನೆಂದುಕೊಳ್ಳುತ್ತಾರೋ ಎಂಬ ಭಯ ತಡೆಯುತ್ತದೆ. ಅಂತರ್ಮುಖತೆಯಲ್ಲಿ ಆ ಆಸೆಯೇ ಅಷ್ಟಾಗಿ ಇರುವುದಿಲ್ಲ. ನೂರು ಜನರ ಮುಂದೆ ನಿರಾತಂಕವಾಗಿ ಉಪನ್ಯಾಸ ಮಾಡಿ, ಅದು ಮುಗಿದ ಕೂಡಲೇ ಒಬ್ಬರೇ ಇರಲು ಬಯಸುವವರು ಅಂತರ್ಮುಖಿಗಳಾಗಿರಬಹುದು. ಸದಾ ಜನರ ನಡುವೆ ಇರಲು ಹಂಬಲಿಸುತ್ತ, ಹೋದಲ್ಲೆಲ್ಲ ಬಾಯಿ ಕಟ್ಟಿದಂತಾಗುವ ಬಹಿರ್ಮುಖಿಗಳೂ ಇದ್ದಾರೆ, ಮತ್ತು ಅವರ ಪಾಡು ಹೆಚ್ಚು ಕಷ್ಟದ್ದು.

ಕೆಲವರು ಯೋಚಿಸಿ ಮಾತನಾಡುತ್ತಾರೆ, ಕೆಲವರು ಮಾತನಾಡುತ್ತಲೇ ಯೋಚಿಸುತ್ತಾರೆ. ಇವರ ನಡುವೆ ತಿಕ್ಕಾಟವೇಕೆ ಆಗುತ್ತದೆ?

ಇದಕ್ಕೆ ಉತ್ತರಿಸಲು ಮಾತುಕತೆ ನಡೆಯುವ ವೇಗವನ್ನು ಮೊದಲು ಗಮನಿಸಬೇಕು. ಹತ್ತು ಭಾಷೆಗಳ ಮಾತುಕತೆಗಳನ್ನು ಹೋಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಒಬ್ಬರು ಪ್ರಶ್ನೆ ಮುಗಿಸುವುದಕ್ಕೂ ಇನ್ನೊಬ್ಬರು ಉತ್ತರ ಆರಂಭಿಸುವುದಕ್ಕೂ ನಡುವಿನ ಬಿಡುವು ಸರಾಸರಿ ಸುಮಾರು 200 ಮಿಲಿಸೆಕೆಂಡುಗಳು. ಆದರೆ ಕಣ್ಣಮುಂದಿನ ಚಿತ್ರವೊಂದನ್ನು ನೋಡಿ ಅದರ ಹೆಸರನ್ನು ಹೇಳುವುದಕ್ಕೇ ಮಿದುಳಿಗೆ ಸುಮಾರು 600 ಮಿಲಿಸೆಕೆಂಡುಗಳು ಬೇಕು. ಅಂದರೆ ಎದುರಿನವರು ಮಾತು ಮುಗಿಸುವ ಮೊದಲೇ ಕೇಳುವವರು ತಮ್ಮ ಉತ್ತರವನ್ನು ಸಿದ್ಧಪಡಿಸತೊಡಗಿರುತ್ತಾರೆ. ಸಾಮಾನ್ಯ ಮಾತುಕತೆಯೆಂಬುದು ಇಷ್ಟು ಬಿಗಿಯಾದ ಹೊಂದಾಣಿಕೆಯಲ್ಲಿ ನಡೆಯುವುದರಿಂದ, ಒಂದು ಸೆಕೆಂಡಿನ ಮೌನವೂ ಅರ್ಥವುಳ್ಳದ್ದಾಗಿ ಕೇಳಿಸುತ್ತದೆ.

ತಿಕ್ಕಾಟ ಹುಟ್ಟುವುದು ಇಲ್ಲಿ. ಪೂರ್ತಿ ಯೋಚಿಸಿ ಉತ್ತರಿಸುವವರು ಎರಡು ಸೆಕೆಂಡು ಸುಮ್ಮನಿದ್ದರೆ, ಮಾತನಾಡುತ್ತ ಯೋಚಿಸುವವರಿಗೆ ಅದು ಅಸಮ್ಮತಿಯಂತೆಯೋ ಅನಾಸಕ್ತಿಯಂತೆಯೋ ತೋರುತ್ತದೆ. ಅವರು ಆ ಮೌನವನ್ನು ತುಂಬಲು ಇನ್ನೊಂದು ಮಾತು ಸೇರಿಸುತ್ತಾರೆ. ಆಗ ಮೊದಲಿನವರ ಯೋಚನೆಯ ಎಳೆ ಕಡಿದುಹೋಗಿ ಮತ್ತೆ ಮೊದಲಿನಿಂದ ಆರಂಭವಾಗಬೇಕಾಗುತ್ತದೆ. ಇನ್ನೊಂದು ಕಡೆಯಿಂದಲೂ ತಪ್ಪು ತಿಳಿವಳಿಕೆ ಉಂಟಾಗುತ್ತದೆ. ಮಾತನಾಡುತ್ತ ಯೋಚಿಸುವವರ ಬಾಯಿಂದ ಬರುವ ಮೊದಲ ಮೂರು ವಾಕ್ಯಗಳು ಕರಡು ಮಾತ್ರ. ಯೋಚಿಸಿ ಮಾತನಾಡುವವರು ತಮ್ಮ ಅಭ್ಯಾಸದಂತೆ ಅದನ್ನೇ ತೀರ್ಮಾನವೆಂದು ತಿಳಿದು, ನಾಲ್ಕನೆಯ ವಾಕ್ಯದಲ್ಲಿ ಅಭಿಪ್ರಾಯ ಬದಲಾದಾಗ ‘ಇವರ ಮಾತಿಗೆ ನೆಲೆಯಿಲ್ಲ’ ಎಂದುಕೊಳ್ಳುತ್ತಾರೆ. ಇಬ್ಬರೂ ಎದುರಿನವರ ಮಾತನ್ನು ತಮ್ಮ ವ್ಯಾಕರಣದಿಂದ ಓದುತ್ತಿದ್ದಾರೆ.

ಭಾಷಾವಿಜ್ಞಾನಿ ಡೆಬೊರಾ ಟ್ಯಾನನ್ ಸ್ನೇಹಿತರ ಊಟದ ಮಾತುಕತೆಯೊಂದನ್ನು ಧ್ವನಿಮುದ್ರಿಸಿಕೊಂಡು ವಿಶ್ಲೇಷಿಸಿದಾಗ ಇದನ್ನೇ ಹೋಲುವ ಸಂಗತಿಯೊಂದನ್ನು ಕಂಡರು. ಕೆಲವರಿಗೆ ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕುವುದು ಉತ್ಸಾಹದ, ಆಲಿಸುತ್ತಿರುವುದರ ಗುರುತು. ಮತ್ತೆ ಕೆಲವರಿಗೆ ಕಾಯುವುದೇ ಗೌರವ. ಎರಡನೆಯ ಗುಂಪಿನವರು ಮಾತು ಮುಗಿಯಲೆಂದು ಕಾಯುತ್ತಲೇ ಇದ್ದರು. ಮೊದಲ ಗುಂಪಿನವರು ಇವರಿಗೆ ಹೇಳುವುದೇನೂ ಇಲ್ಲವೆಂದು ಭಾವಿಸಿ ಮುಂದುವರಿಯುತ್ತಲೇ ಇದ್ದರು. ಇಂಥ ಶೈಲಿ ಸ್ವಭಾವದಿಂದ ಮಾತ್ರ ಬರುವುದಿಲ್ಲ, ಬೆಳೆದ ಪರಿಸರದಿಂದಲೂ ಬರುತ್ತದೆ ಎಂಬುದನ್ನು ಮರೆಯಬಾರದು.

ಪರಿಹಾರ ಎರಡೂ ಕಡೆ ಸಣ್ಣದೇ. ಯೋಚಿಸಲು ಹೊತ್ತು ಬೇಕಾದವರು ‘ಒಂದು ನಿಮಿಷ, ಯೋಚಿಸುತ್ತಿದ್ದೇನೆ’ ಎಂದು ಬಾಯಿಬಿಟ್ಟು ಹೇಳಿದರೆ ಮೌನದ ಅರ್ಥ ಬದಲಾಗುತ್ತದೆ. ಮಾತನಾಡುತ್ತ ಯೋಚಿಸುವವರು ‘ಇದು ಇನ್ನೂ ನಿರ್ಧಾರವಲ್ಲ’ ಎಂದು ಆರಂಭಿಸಿದರೆ ಕೇಳುವವರು ಪ್ರತಿ ವಾಕ್ಯವನ್ನೂ ಹಿಡಿದುಕೊಳ್ಳುವುದಿಲ್ಲ.

ಸಭೆಗಳಲ್ಲಿ ಕಡಿಮೆ ಮಾತನಾಡುವವರ ವಿಚಾರಗಳು ಹೊರಬರುವಂತೆ ಮಾಡುವುದು ಹೇಗೆ?

ಎಲ್ಲರೂ ಕೂತು ಗಟ್ಟಿಯಾಗಿ ವಿಚಾರಗಳನ್ನು ಹೇಳುತ್ತ ಹೋದರೆ ಹೆಚ್ಚು ವಿಚಾರಗಳು ಬರುತ್ತವೆಂಬ ನಂಬಿಕೆಯೇ ಅಷ್ಟು ಗಟ್ಟಿಯಾದದ್ದಲ್ಲ. ಅಷ್ಟೇ ಜನ ಬೇರೆ ಬೇರೆಯಾಗಿ ಕೂತು ಬರೆದು ನಂತರ ಪಟ್ಟಿಗಳನ್ನು ಸೇರಿಸಿದರೆ ಬರುವ ವಿಚಾರಗಳ ಸಂಖ್ಯೆ ಹೆಚ್ಚಿರುತ್ತದೆಂದು 1958ರಿಂದಲೂ ಪ್ರಯೋಗಗಳು ತೋರಿಸುತ್ತ ಬಂದಿವೆ. 1987ರಲ್ಲಿ ಮೈಕೆಲ್ ಡೀಲ್ ಮತ್ತು ವೋಲ್ಫ್‌ಗ್ಯಾಂಗ್ ಸ್ಟ್ರೋಬೆ ಇದರ ಮುಖ್ಯ ಕಾರಣವನ್ನು ಗುರುತಿಸಿದರು: ಒಮ್ಮೆಗೆ ಒಬ್ಬರೇ ಮಾತನಾಡಲು ಸಾಧ್ಯವಾದ್ದರಿಂದ, ತಮ್ಮ ಸರದಿಗೆ ಕಾಯುವವರ ವಿಚಾರಗಳು ಅಲ್ಲಿಯೇ ಕರಗಿಹೋಗುತ್ತವೆ. ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ: ಗುಂಪಿನಲ್ಲಿ ಹೆಚ್ಚು ಹೊತ್ತು ಮಾತನಾಡಿದವರನ್ನು, ಅವರ ಮಾತಿನ ತೂಕ ಎಷ್ಟೇ ಇರಲಿ, ಜನ ನಾಯಕರೆಂದು ಗುರುತಿಸುವ ಪ್ರವೃತ್ತಿಯಿದೆ. ಚರ್ಚೆಯ ವಿಷಯವನ್ನು ಮುಂಚಿತವಾಗಿ ತಿಳಿಸಿ, ಮೊದಲ ಹತ್ತು ನಿಮಿಷ ಎಲ್ಲರೂ ಮೌನವಾಗಿ ಬರೆಯುವಂತೆ ಮಾಡಿ, ಆಮೇಲೆ ಮಾತಿಗೆ ಬಿಟ್ಟರೆ ಯಾರ ಸ್ವಭಾವವನ್ನೂ ತಿದ್ದುವ ಅಗತ್ಯ ಬರುವುದಿಲ್ಲ. ಸುಮ್ಮನಿರುವವರನ್ನು ಇದ್ದಕ್ಕಿದ್ದಂತೆ ಹೆಸರು ಹಿಡಿದು ಕರೆದು ‘ನೀವೇನು ಹೇಳುತ್ತೀರಿ’ ಎನ್ನುವುದು ಸದುದ್ದೇಶದ್ದಾದರೂ ಬಹುತೇಕ ವೇಳೆ ಅವರಿಂದ ಅತ್ಯಂತ ಕಳಪೆ ಉತ್ತರವನ್ನೇ ಹೊರಡಿಸುತ್ತದೆ.

ತರ್ಕದವರು, ಭಾವನೆಯವರು ಎಂಬ ವಿಭಜನೆ ಸರಿಯೇ?

ಈ ವಿಭಜನೆ ಮಾಡಿರುವಷ್ಟು ಹಾನಿಯನ್ನು ಬೇರಾವುದೂ ಮಾಡಿಲ್ಲವೆನ್ನಬಹುದು. ತರ್ಕದ ಬಗೆಯೆಂದು ಗುರುತಿಸಿಕೊಂಡವರು ತಮ್ಮ ಒರಟು ಮಾತನ್ನು ಪ್ರಾಮಾಣಿಕತೆಯೆಂದು ಸಮರ್ಥಿಸಿಕೊಳ್ಳುತ್ತಾರೆ. ಭಾವನೆಯ ಬಗೆಯೆಂದು ಗುರುತಿಸಲ್ಪಟ್ಟವರಿಗೆ ವಿಶ್ಲೇಷಣೆ ಒಗ್ಗುವುದಿಲ್ಲವೆಂದು ಇತರರು ತೀರ್ಮಾನಿಸುತ್ತಾರೆ. ವಾಸ್ತವದಲ್ಲಿ ಆ ಅಳತೆ ಯೋಚಿಸುವ ಸಾಮರ್ಥ್ಯವನ್ನು ತೋರಿಸುವುದೇ ಇಲ್ಲ. ಐದು ಗುಣಲಕ್ಷಣಗಳ ಮಾದರಿಯಲ್ಲಿ ಅದು ಹೆಚ್ಚು ಹೊಂದುವುದು ಸೌಹಾರ್ದದೊಂದಿಗೆ, ಅಂದರೆ ಸಂಬಂಧವನ್ನು ಕಾಪಾಡಿಕೊಳ್ಳುವುದಕ್ಕೆ ಒಬ್ಬರು ಎಷ್ಟು ಮಹತ್ವ ಕೊಡುತ್ತಾರೆ ಎಂಬುದರೊಂದಿಗೆ. ಭಾವನೆಯಿಲ್ಲದ ಶುದ್ಧ ತರ್ಕದಿಂದ ಬದುಕು ನಡೆಯುವುದೂ ಇಲ್ಲ. ಮಿದುಳಿನ ಮುಂಭಾಗದ ನಿರ್ದಿಷ್ಟ ಜಾಗಕ್ಕೆ ಪೆಟ್ಟಾದ ರೋಗಿಗಳನ್ನು ಅಧ್ಯಯನ ಮಾಡಿದ ನರವಿಜ್ಞಾನಿ ಆಂಟೋನಿಯೊ ಡಮಾಸಿಯೊ, ಅವರ ಬುದ್ಧಿಶಕ್ತಿ ಮತ್ತು ತರ್ಕ ಹಾಗೆಯೇ ಉಳಿದಿದ್ದರೂ ಭಾವನೆ ಮಂದವಾದ ಕಾರಣ ದಿನನಿತ್ಯದ ನಿರ್ಧಾರಗಳನ್ನು ಸರಿಯಾಗಿ ತೆಗೆದುಕೊಳ್ಳಲಾರದೆ ಹೋದುದನ್ನು ವಿವರಿಸಿದ್ದಾರೆ.

ಮಾತಿನಲ್ಲಿ ಕಾಣುವ ವ್ಯತ್ಯಾಸ ಬೇರೆ ತೆರನಾದದ್ದು. ಸಹೋದ್ಯೋಗಿಯೊಬ್ಬರು ವರದಿಯ ಕರಡನ್ನು ತೋರಿಸಿದಾಗ, ಸೌಹಾರ್ದದ ಅಳತೆಯಲ್ಲಿ ಕೆಳಗಿರುವವರು ‘ಮೂರನೆಯ ಭಾಗದ ಲೆಕ್ಕ ತಪ್ಪಾಗಿದೆ’ ಎಂದು ನೇರವಾಗಿ ಆರಂಭಿಸುತ್ತಾರೆ. ಅವರ ದೃಷ್ಟಿಯಲ್ಲಿ ಇದು ಕೆಲಸದ ಬಗೆಗಿನ ಮಾತು, ಅದರಿಂದ ಉಪಕಾರವೇ ಆಗಬೇಕು. ಮೇಲಿರುವವರು ವರದಿಯಲ್ಲಿ ಚೆನ್ನಾಗಿರುವುದನ್ನು ಹೇಳಿ, ‘ಮೂರನೆಯ ಭಾಗವನ್ನು ಇನ್ನೊಮ್ಮೆ ನೋಡಿದರೆ ಒಳ್ಳೆಯದೇನೋ’ ಎಂದು ಮುಗಿಸುತ್ತಾರೆ. ನೇರ ಮಾತಿನವರಿಗೆ ಇದರಲ್ಲಿ ತಪ್ಪಿನ ಸುಳಿವೇ ಸಿಗದೆ ವರದಿ ಹಾಗೆಯೇ ಮುಂದೆ ಹೋಗುವುದುಂಟು. ನಯದ ಮಾತಿನವರಿಗೆ ಮೊದಲನೆಯ ವಾಕ್ಯ ಕೇಳಿದ ಮೇಲೆ ಉಳಿದದ್ದು ಕಿವಿಗೆ ಬೀಳದಿರುವುದೂ ಉಂಟು. ತಪ್ಪು ಎಲ್ಲಿದೆ ಎಂಬುದನ್ನು ಖಚಿತವಾಗಿ ಹೇಳಿ, ಅದು ಬರೆದವರ ಯೋಗ್ಯತೆಯ ಬಗೆಗಿನ ಮಾತಲ್ಲವೆಂಬುದನ್ನೂ ಅಷ್ಟೇ ಖಚಿತವಾಗಿ ಹೇಳುವುದು ಎರಡೂ ಕಡೆಯವರಿಗೆ ತಲುಪುತ್ತದೆ.

ವಿವರಗಳನ್ನು ಬಯಸುವವರಿಗೂ ಒಟ್ಟಾರೆ ಚಿತ್ರವನ್ನು ಬಯಸುವವರಿಗೂ ಒಂದೇ ವಿಷಯವನ್ನು ಹೇಗೆ ಹೇಳುವುದು?

ಮೊದಲು ಗುರಿಯನ್ನು ಒಂದು ವಾಕ್ಯದಲ್ಲಿ ಹೇಳಿ, ಆಮೇಲೆ ಹಂತಗಳಿಗೆ ಇಳಿಯುವುದು ಸಾಕಾಗುತ್ತದೆ. ಒಟ್ಟಾರೆ ಚಿತ್ರ ಬೇಕಾದವರು ಗುರಿ ತಿಳಿಯುವವರೆಗೆ ಹಂತಗಳನ್ನು ಮನಸ್ಸಿಗೆ ತಂದುಕೊಳ್ಳುವುದಿಲ್ಲ; ವಿವರ ಬೇಕಾದವರು ಹಂತಗಳು ಬರುವವರೆಗೆ ಗುರಿಯನ್ನು ಬರಿಯ ಮಾತೆಂದೇ ಎಣಿಸುತ್ತಾರೆ. ಒಂದು ಉದಾಹರಣೆಯನ್ನು ಸೇರಿಸಿದರೆ ಇಬ್ಬರಿಗೂ ಅನುಕೂಲ.

ಕೆಲವರು ಬೇಗ ತೀರ್ಮಾನಕ್ಕೆ ಬರುತ್ತಾರೆ, ಕೆಲವರು ಎಷ್ಟು ದಿನವಾದರೂ ತೀರ್ಮಾನಿಸುವುದಿಲ್ಲ. ಇದೂ ವ್ಯಕ್ತಿತ್ವವೇ?

ಭಾಗಶಃ ಹೌದು. ಅನಿಶ್ಚಿತತೆಯನ್ನು ಬೇಗ ಮುಗಿಸಿ ಒಂದು ಖಚಿತ ಉತ್ತರಕ್ಕೆ ಬಂದುಬಿಡಬೇಕೆಂಬ ಒತ್ತಾಸೆಯನ್ನು ಅಳೆಯುವ ಪ್ರಶ್ನಾವಳಿಯನ್ನು ಡೋನಾ ವೆಬ್‌ಸ್ಟರ್ ಮತ್ತು ಆರಿ ಕ್ರುಗ್ಲಾನ್‌ಸ್ಕಿ 1994ರಲ್ಲಿ ಪ್ರಕಟಿಸಿದರು. ಈ ಒತ್ತಾಸೆ ಕೆಲವರಲ್ಲಿ ಸ್ವಾಭಾವಿಕವಾಗಿಯೇ ಹೆಚ್ಚು. ಆದರೆ ಸಮಯದ ಒತ್ತಡ, ಗದ್ದಲ, ದಣಿವುಗಳು ಯಾರಲ್ಲಿ ಬೇಕಾದರೂ ಅದನ್ನು ಹೆಚ್ಚಿಸುತ್ತವೆ, ಆದ್ದರಿಂದ ಸಂಜೆಯ ಸಭೆಯಲ್ಲಿ ಹಟಮಾರಿಯಂತೆ ಕಂಡವರು ಮರುದಿನ ಬೆಳಿಗ್ಗೆ ಬೇರೆಯವರಂತೆ ಕಾಣಬಹುದು. ಬೇಗ ತೀರ್ಮಾನಿಸುವವರೊಂದಿಗೆ ವಿಷಯವನ್ನು ತೆರೆದಿಡಬೇಕಾದಾಗ ‘ಇನ್ನೂ ನೋಡೋಣ’ ಎನ್ನುವುದಕ್ಕಿಂತ ‘ಶುಕ್ರವಾರದವರೆಗೆ ನೋಡಿ ಅಂದು ನಿರ್ಧರಿಸೋಣ’ ಎನ್ನುವುದು ಮೇಲು, ಏಕೆಂದರೆ ಅವರಿಗೆ ಬೇಕಾಗಿರುವ ಖಚಿತತೆ ದಿನಾಂಕದಿಂದಲೂ ಸಿಗುತ್ತದೆ.

ಒಳ್ಳೆಯ ವಾದ ಮಂಡಿಸಿದರೂ ಕೆಲವರು ಒಪ್ಪುವುದಿಲ್ಲವೇಕೆ?

ಯೋಚಿಸುವ ಕ್ರಿಯೆಯಲ್ಲಿಯೇ ಸಂತೋಷ ಕಾಣುವ ಗುಣದಲ್ಲಿ ಜನರ ನಡುವೆ ವ್ಯತ್ಯಾಸವಿದೆ. ಜಾನ್ ಕ್ಯಾಸಿಯೊಪ್ಪೊ ಮತ್ತು ರಿಚರ್ಡ್ ಪೆಟಿ 1982ರಲ್ಲಿ ಇದನ್ನು ಅಳೆಯುವ ಮಾನವನ್ನು ರೂಪಿಸಿದರು. ಈ ಗುಣ ಹೆಚ್ಚಿರುವವರ ಮೇಲೆ ವಾದದ ಗಟ್ಟಿತನ ಪರಿಣಾಮ ಬೀರುತ್ತದೆ. ಕಡಿಮೆಯಿರುವವರ ಮೇಲೆ ಹೇಳುತ್ತಿರುವವರು ಯಾರು, ನಂಬಿಕೆಗೆ ಅರ್ಹರೇ, ಉಳಿದವರೆಲ್ಲ ಏನನ್ನುತ್ತಾರೆ ಎಂಬ ಸುಳಿವುಗಳು ಹೆಚ್ಚು ಕೆಲಸ ಮಾಡುತ್ತವೆ. ಇದು ಬುದ್ಧಿವಂತಿಕೆಯ ಅಳತೆಯಲ್ಲ. ವಿಷಯ ತಮ್ಮ ಬದುಕಿಗೆ ನೇರವಾಗಿ ತಟ್ಟುವಂತಿದ್ದರೆ ಎಲ್ಲರೂ ವಾದವನ್ನು ತೂಗಿ ನೋಡುತ್ತಾರೆ. ಆದ್ದರಿಂದ ವಾದವನ್ನು ಇನ್ನಷ್ಟು ಉದ್ದಗೊಳಿಸುವ ಮೊದಲು, ಅದು ಕೇಳುವವರಿಗೆ ಹೇಗೆ ಸಂಬಂಧಿಸಿದೆ ಎಂಬುದನ್ನು ಹೇಳಿದ್ದೇವೆಯೇ ಎಂದು ನೋಡಿಕೊಳ್ಳಬೇಕು.

ಆತಂಕದ ಸ್ವಭಾವದವರೊಂದಿಗೆ ಮಾತನಾಡುವಾಗ ಯಾವುದಕ್ಕೆ ಗಮನ ಕೊಡಬೇಕು?

ಅಸ್ಪಷ್ಟತೆಗೆ. ‘ನಾಳೆ ನಿಮ್ಮೊಂದಿಗೆ ಸ್ವಲ್ಪ ಮಾತನಾಡಬೇಕು’ ಎಂಬ ಒಂದು ಸಾಲಿನ ಸಂದೇಶ ಬಹಳ ಜನರಿಗೆ ಏನೂ ಅಲ್ಲ. ಆತಂಕದ ಪ್ರವೃತ್ತಿ ಹೆಚ್ಚಿರುವವರಿಗೆ ಅದು ರಾತ್ರಿಯ ನಿದ್ದೆಯನ್ನೇ ಕಸಿಯಬಹುದು, ಏಕೆಂದರೆ ಎರಡು ಅರ್ಥಗಳು ಸಾಧ್ಯವಿರುವಲ್ಲಿ ಅವರ ಮನಸ್ಸು ಕೆಟ್ಟದ್ದನ್ನೇ ಮೊದಲು ಹಿಡಿಯುತ್ತದೆ. ‘ಮುಂದಿನ ತಿಂಗಳ ಕೆಲಸದ ಹಂಚಿಕೆಯ ಬಗ್ಗೆ ನಾಳೆ ಮಾತನಾಡೋಣ’ ಎಂದು ವಿಷಯವನ್ನು ಸೇರಿಸುವುದಕ್ಕೆ ನಾಲ್ಕೈದು ಪದಗಳು ಸಾಕು. ‘ನೀವು ಸುಮ್ಮನೆ ಚಿಂತೆ ಮಾಡುತ್ತೀರಿ’ ಎಂಬ ಸಮಾಧಾನ ಮಾತ್ರ ಯಾವ ಸಮಾಧಾನವನ್ನೂ ಕೊಡುವುದಿಲ್ಲ.

ಎಡಮಿದುಳಿನವರು, ಬಲಮಿದುಳಿನವರು ಎಂಬುದು ನಿಜವೇ?

ಇಲ್ಲ. ಭಾಷೆಯಂಥ ಕೆಲವು ಕೆಲಸಗಳು ಒಂದು ಅರ್ಧಗೋಳದಲ್ಲಿ ಹೆಚ್ಚಾಗಿ ನಡೆಯುತ್ತವೆಂಬುದು ಸರಿ. ಆದರೆ ಸಾವಿರಕ್ಕೂ ಹೆಚ್ಚು ಜನರ ಮಿದುಳಿನ ಚಿತ್ರಗಳನ್ನು ವಿಶ್ಲೇಷಿಸಿ ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ವ್ಯಕ್ತಿ ಒಟ್ಟಾರೆಯಾಗಿ ಯಾವುದೋ ಒಂದು ಅರ್ಧವನ್ನೇ ಹೆಚ್ಚು ಬಳಸುತ್ತಾರೆಂಬುದಕ್ಕೆ ಆಧಾರ ಸಿಗಲಿಲ್ಲ.

ಸಂವಹನದಲ್ಲಿ ಪದಗಳ ಪಾಲು ಕೇವಲ 7 ಶೇಕಡಾ ಎನ್ನುತ್ತಾರಲ್ಲ?

ತರಬೇತಿ ಶಿಬಿರಗಳಲ್ಲಿ ಎಡೆಬಿಡದೆ ಹೇಳಲಾಗುವ ಈ ಅಂಕಿಯ ಮೂಲ ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು. ಹೇಳುವವರಿಗೆ ತಮ್ಮ ಮೇಲೆ ಒಲವಿದೆಯೋ ಇಲ್ಲವೋ ಎಂಬುದನ್ನು ಕೇಳುವವರು ಹೇಗೆ ಊಹಿಸುತ್ತಾರೆ ಎಂಬುದಷ್ಟೇ ಅಲ್ಲಿನ ಪ್ರಶ್ನೆಯಾಗಿತ್ತು, ಮತ್ತು ಮಾತು, ದನಿ, ಮುಖಭಾವಗಳು ಒಂದಕ್ಕೊಂದು ಹೊಂದದಿದ್ದಾಗ ಏನಾಗುತ್ತದೆ ಎಂಬುದನ್ನು ನೋಡಲಾಗಿತ್ತು. ಎಲ್ಲ ಸಂವಹನಕ್ಕೂ ಇದನ್ನು ಅನ್ವಯಿಸುವುದು ತಪ್ಪೆಂದು ಮೆಹ್ರಾಬಿಯನ್ ಅವರೇ ಹೇಳಿದ್ದಾರೆ. ಪದಗಳ ಪಾಲು ಅಷ್ಟು ಕಡಿಮೆಯಾಗಿದ್ದರೆ ಗೊತ್ತಿಲ್ಲದ ಭಾಷೆಯ ಚಲನಚಿತ್ರವೂ ನಮಗೆ ಬಹುಪಾಲು ಅರ್ಥವಾಗಬೇಕಾಗಿತ್ತು.

ಬರೆದು ಕಳುಹಿಸಿದ ಸಂದೇಶಗಳಿಂದಲೇ ಹೆಚ್ಚು ಮನಸ್ತಾಪವೇಕೆ?

ದನಿ ಇಲ್ಲದ ಕಾರಣ ಎನ್ನುವುದು ಅರ್ಧ ಉತ್ತರ. ಬರೆಯುವವರಿಗೆ ತಮ್ಮ ದನಿ ತಮ್ಮ ತಲೆಯೊಳಗೆ ಸ್ಪಷ್ಟವಾಗಿ ಕೇಳಿಸುತ್ತಿರುತ್ತದೆ, ಆದ್ದರಿಂದ ಅದು ಓದುವವರಿಗೂ ಕೇಳಿಸುತ್ತದೆಂದು ಅವರು ಭಾವಿಸುತ್ತಾರೆ ಎಂಬುದು ಉಳಿದರ್ಧ. ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಅವರ ಸಂಗಡಿಗರು 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಮೇಲ್‌ನಲ್ಲಿ ತಾವು ಬರೆದ ವ್ಯಂಗ್ಯ ಹಾಗೂ ಗಂಭೀರ ವಾಕ್ಯಗಳನ್ನು ಓದುವವರು ಮುಕ್ಕಾಲು ಪಾಲಿಗೂ ಹೆಚ್ಚಾಗಿ ಸರಿಯಾಗಿ ಗುರುತಿಸುತ್ತಾರೆಂದು ಬರೆದವರು ನಿರೀಕ್ಷಿಸಿದ್ದರು. ಓದಿದವರು ಗುರುತಿಸಿದ್ದು ಅರ್ಧಕ್ಕಿಂತ ತುಸು ಹೆಚ್ಚು. ಕೇವಲ ಊಹೆಯಿಂದಲೇ ಅರ್ಧ ಸರಿಯಾಗುತ್ತಿತ್ತೆಂಬುದನ್ನು ಗಮನಿಸಬೇಕು. ಸಂಕ್ಷಿಪ್ತವಾಗಿ ಬರೆಯುವ ಸ್ವಭಾವದವರ ‘ಸರಿ’ ಎಂಬ ಒಂದು ಪದವನ್ನು ವಿಸ್ತಾರವಾಗಿ ಬರೆಯುವವರು ಸಿಟ್ಟೆಂದು ಓದುವುದು ಈ ದೋಷದ ನಿತ್ಯದ ರೂಪ.

ಬಹಳ ಹತ್ತಿರದವರ ನಡುವೆಯೂ ಹೀಗಾಗುತ್ತದೆಯೇ?

ಹೆಚ್ಚಾಗಿಯೇ ಆಗುತ್ತದೆ. ಅಸ್ಪಷ್ಟ ವಾಕ್ಯಗಳ ಅರ್ಥವನ್ನು ಸಂಗಾತಿ ಗ್ರಹಿಸುತ್ತಾರೆಂಬ ಭರವಸೆ ದಂಪತಿಗಳಲ್ಲಿ ಹೆಚ್ಚಿದ್ದರೂ, ಅಪರಿಚಿತರಿಗಿಂತ ಹೆಚ್ಚು ಸರಿಯಾಗಿ ಅವರು ಗ್ರಹಿಸಲಿಲ್ಲವೆಂದು 2011ರಲ್ಲಿ ಕೆನೆತ್ ಸವಿಟ್ಸ್ಕಿ ಮತ್ತು ಸಂಗಡಿಗರು ತೋರಿಸಿದರು. ಅಪರಿಚಿತರೊಂದಿಗೆ ನಾವು ಬಿಡಿಸಿ ಹೇಳುತ್ತೇವೆ. ಹತ್ತಿರದವರೊಂದಿಗೆ, ಅವರಿಗೆ ಗೊತ್ತಿರುತ್ತದೆಂದು ಬಿಟ್ಟುಬಿಡುತ್ತೇವೆ.

ವ್ಯಕ್ತಿತ್ವ ಬದಲಾಗುತ್ತದೆಯೇ?

ನಿಧಾನವಾಗಿ ಬದಲಾಗುತ್ತದೆ. ಅವಳಿಗಳ ಅಧ್ಯಯನಗಳ ಪ್ರಕಾರ ಜನರ ನಡುವಿನ ವ್ಯತ್ಯಾಸದಲ್ಲಿ ಸರಿಸುಮಾರು ಅರ್ಧದಷ್ಟನ್ನು ಅನುವಂಶೀಯತೆಯಿಂದ ವಿವರಿಸಬಹುದು, ಉಳಿದದ್ದು ಅನುಭವಕ್ಕೆ ಬಿಟ್ಟದ್ದು. ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು ಹಲವು ದೀರ್ಘಕಾಲೀನ ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ ವಿಶ್ಲೇಷಿಸಿದಾಗ, ಇಪ್ಪತ್ತರಿಂದ ನಲವತ್ತರ ವಯಸ್ಸಿನ ನಡುವೆ ಕರ್ತವ್ಯನಿಷ್ಠೆ ಮತ್ತು ಭಾವನಾತ್ಮಕ ಸ್ಥಿರತೆ ಸರಾಸರಿಯಾಗಿ ಏರುವುದು ಕಂಡುಬಂತು. ಇದಕ್ಕಿಂತ ಉಪಯುಕ್ತವಾದ ಸಂಗತಿಯನ್ನು 2001ರಲ್ಲಿ ವಿಲಿಯಂ ಫ್ಲೀಸನ್ ತೋರಿಸಿದರು. ಜನರ ನಡವಳಿಕೆಯನ್ನು ದಿನಕ್ಕೆ ಹಲವು ಬಾರಿ ದಾಖಲಿಸಿದಾಗ, ಒಬ್ಬರೇ ವ್ಯಕ್ತಿ ಒಂದೆರಡು ವಾರಗಳಲ್ಲಿ ಅಂತರ್ಮುಖತೆಯಿಂದ ಬಹಿರ್ಮುಖತೆಯವರೆಗಿನ ಹೆಚ್ಚುಕಡಿಮೆ ಎಲ್ಲ ಮಟ್ಟಗಳಲ್ಲೂ ಓಡಾಡಿರುತ್ತಾರೆಂದು ತಿಳಿಯಿತು. ಸ್ಥಿರವಾಗಿ ಉಳಿಯುವುದು ಅವರ ಸರಾಸರಿ. ಕಚೇರಿಯಲ್ಲಿ ಮೌನಿಯಾಗಿರುವವರು ಹಳೆಯ ಗೆಳೆಯರ ನಡುವೆ ಮಾತಿನ ಮಲ್ಲರಾಗಿರುವುದರಲ್ಲಿ ಸೋಗೇನೂ ಇಲ್ಲ.

ನನ್ನ ವ್ಯಕ್ತಿತ್ವ ನನಗೇ ಚೆನ್ನಾಗಿ ಗೊತ್ತಿರುತ್ತದೆಯಲ್ಲವೇ?

ಎಲ್ಲ ವಿಷಯದಲ್ಲೂ ಅಲ್ಲ. ಸಿಮಿನ್ ವಜೀರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆತಂಕದಂಥ ಒಳಗಿನ ಸಂಗತಿಗಳನ್ನು ನಾವೇ ಹೆಚ್ಚು ಸರಿಯಾಗಿ ಅಳೆಯುತ್ತೇವೆ. ಬುದ್ಧಿವಂತಿಕೆ, ಸೃಜನಶೀಲತೆಯಂಥ ಮೆಚ್ಚುಗೆಯ ಗುಣಗಳ ವಿಷಯದಲ್ಲಿ ಸ್ನೇಹಿತರ ಅಂದಾಜು ನಮ್ಮ ಅಂದಾಜಿಗಿಂತ ಸರಿಯಾಗಿರುತ್ತದೆ. ಮಾತುಗಾರಿಕೆಯಂಥ ಹೊರಗೆ ಕಾಣುವ ಗುಣಗಳು ಇಬ್ಬರಿಗೂ ತಿಳಿಯುತ್ತವೆ. ಸ್ವತಃ ತುಂಬಿದ ಪ್ರಶ್ನಾವಳಿಗಳೆಲ್ಲವೂ ಈ ಮಿತಿಗೆ ಒಳಪಟ್ಟಿವೆ.

ಕೆಲಸಕ್ಕೆ ಆಯ್ಕೆ ಮಾಡುವಾಗ ವ್ಯಕ್ತಿತ್ವದ ಬಗೆಯನ್ನು ನೋಡಬಹುದೇ?

ಎಂಬಿಟಿಐಯನ್ನು ನೇಮಕಾತಿಗೆ ಬಳಸಬಾರದೆಂದು ಅದನ್ನು ನಿರ್ವಹಿಸುವ ಸಂಸ್ಥೆಗಳೇ ಹೇಳುತ್ತವೆ. ಐದು ಗುಣಲಕ್ಷಣಗಳಲ್ಲಿ ಕರ್ತವ್ಯನಿಷ್ಠೆಗೂ ಕೆಲಸದ ಗುಣಮಟ್ಟಕ್ಕೂ ಬಹುತೇಕ ಎಲ್ಲ ವೃತ್ತಿಗಳಲ್ಲಿ ಸಂಬಂಧವಿದೆಯೆಂದು ಮರೇ ಬ್ಯಾರಿಕ್ ಮತ್ತು ಮೈಕೆಲ್ ಮೌಂಟ್ 1991ರಲ್ಲಿ ತೋರಿಸಿದರು. ಆದರೆ ಆ ಸಂಬಂಧ ದೊಡ್ಡದಲ್ಲ, ಮತ್ತು ಕೆಲಸ ಬೇಕಾದವರು ಪ್ರಶ್ನಾವಳಿಯಲ್ಲಿ ತಮ್ಮನ್ನು ಶಿಸ್ತಿನವರೆಂದೇ ತೋರಿಸಿಕೊಳ್ಳುತ್ತಾರೆ. ಬಹಿರ್ಮುಖಿಗಳೇ ಒಳ್ಳೆಯ ಮಾರಾಟಗಾರರೆಂಬ ನಂಬಿಕೆಯೂ ಸಡಿಲವಾದದ್ದು: ಆಡಂ ಗ್ರಾಂಟ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ಆದಾಯ ತಂದವರು ಅಳತೆಯ ನಡುವೆ ಇದ್ದವರು.

ಎದುರಿನವರ ಬಗೆ ಗೊತ್ತಿಲ್ಲದಿದ್ದಾಗ ಹೇಗೆ ಮಾತನಾಡಬೇಕು?

ಅವರ ಸ್ಥಾನದಲ್ಲಿ ನಿಂತು ಯೋಚಿಸಬೇಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ತಾಲ್ ಎಯಾಲ್, ಮೇರಿ ಸ್ಟೆಫೆಲ್ ಮತ್ತು ನಿಕೋಲಸ್ ಎಪ್ಲಿ 2018ರಲ್ಲಿ 25 ಪ್ರಯೋಗಗಳ ಫಲಿತಾಂಶವನ್ನು ಪ್ರಕಟಿಸಿದಾಗ, ಹಾಗೆ ಕಲ್ಪಿಸಿಕೊಳ್ಳುವುದರಿಂದ ಎದುರಿನವರ ಮನಸ್ಸನ್ನು ಅರಿಯುವುದರಲ್ಲಿ ನಿಖರತೆ ಹೆಚ್ಚಲಿಲ್ಲವೆಂಬುದು ಕಂಡುಬಂತು. ನಿಖರತೆ ಹೆಚ್ಚಿದ್ದು ನೇರವಾಗಿ ಕೇಳಿ ತಿಳಿದುಕೊಂಡಾಗ. ವ್ಯಕ್ತಿತ್ವದ ಬಗೆಗಳ ಜ್ಞಾನಕ್ಕೂ ಈ ಮಾತು ಅನ್ವಯಿಸುತ್ತದೆಂದು ಹೇಳಬೇಕಾಗುತ್ತದೆ. ‘ಇವರು ಇಂಥ ಬಗೆ, ಆದ್ದರಿಂದ ಇವರಿಗೆ ಇದು ಬೇಕು’ ಎಂಬುದು ಎಷ್ಟೇ ಶಾಸ್ತ್ರೀಯವಾಗಿ ಕಂಡರೂ ಒಂದು ಊಹೆ; ‘ಈ ವಿಷಯವನ್ನು ಈಗಲೇ ಮಾತನಾಡೋಣವೇ ಅಥವಾ ಬರೆದು ಕಳುಹಿಸಲೇ?’ ಎಂಬುದು ಪ್ರಶ್ನೆ, ಮತ್ತು ಅದಕ್ಕೆ ಉತ್ತರ ಬರುತ್ತದೆ. ಆ ಪ್ರಶ್ನೆಯನ್ನು ಕೇಳಬೇಕೆಂಬುದು ಹೊಳೆಯುವುದಕ್ಕೆ ಮಾತ್ರ, ಎಲ್ಲರೂ ನಮ್ಮ ಹಾಗೆ ಯೋಚಿಸುವುದಿಲ್ಲವೆಂಬ ತಿಳಿವಳಿಕೆ ಮೊದಲೇ ಇರಬೇಕು. ಬಗೆಗಳ ಅಧ್ಯಯನದ ನಿಜವಾದ ಪ್ರಯೋಜನ ಅದು.

ನನ್ನ ರೀತಿಯನ್ನು ಇತರರಿಗೆ ತಿಳಿಸುವಾಗ ಬಗೆಯ ಹೆಸರನ್ನು ಹೇಳಬಹುದೇ?

ಹೇಳಬಹುದು, ಆದರೆ ಕೇಳಿದವರಿಗೆ ಅದರಿಂದ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ನಾನು ಅಂತರ್ಮುಖಿ’ ಎಂದರೆ ಒಬ್ಬರು ನಿಮ್ಮನ್ನು ಸಭೆಗೇ ಕರೆಯದಿರಬಹುದು, ಇನ್ನೊಬ್ಬರು ನಿಮ್ಮ ಪರವಾಗಿ ತಾವೇ ಮಾತನಾಡತೊಡಗಬಹುದು. ‘ಪ್ರಶ್ನೆಗಳನ್ನು ಹಿಂದಿನ ದಿನವೇ ಕಳುಹಿಸಿದರೆ ನಾನು ಒಳ್ಳೆಯ ಉತ್ತರ ಕೊಡಬಲ್ಲೆ’, ‘ನನ್ನ ಬರಹದಲ್ಲಿ ತಪ್ಪಿದ್ದರೆ ನೇರವಾಗಿ ಹೇಳಿ, ನನಗೆ ಬೇಸರವಾಗುವುದಿಲ್ಲ’, ‘ನಾನು ಗಟ್ಟಿಯಾಗಿ ಯೋಚಿಸುತ್ತೇನೆ, ಕೊನೆಯಲ್ಲಿ ಹೇಳಿದ್ದನ್ನು ಮಾತ್ರ ಗಣನೆಗೆ ತೆಗೆದುಕೊಳ್ಳಿ’ ಎಂಬಂಥ ವಾಕ್ಯಗಳಿಗೆ ಯಾವ ಪರೀಕ್ಷೆಯ ಪರಿಚಯವೂ ಬೇಕಿಲ್ಲ, ಮತ್ತು ಅವು ನಿಮ್ಮ ವಿಷಯದಲ್ಲಿ ಸರಿಯೋ ತಪ್ಪೋ ಎಂಬುದು ಎರಡು ಮೂರು ಸಲ ಪ್ರಯತ್ನಿಸಿದಾಗ ಇಬ್ಬರಿಗೂ ಗೊತ್ತಾಗುತ್ತದೆ.